ಸೇಡಿನ ನಾಟಕ ಆಡಿಸುವಾಗ ನಾನು ಮೊದಲು ಹುಡುಕುವುದು

ಸೇಡಿನ ನಾಟಕ ಕೈಗೆತ್ತಿಕೊಂಡಾಗಲೆಲ್ಲ ನಾನು ತಂಡದ ಮುಂದೆ ಮೊದಲು ಇಡುವ ಪ್ರಶ್ನೆ ಒಂದೇ. ಸತ್ತವರದ್ದು ಅಂತ ಉಳಿದಿರುವ ವಸ್ತು ಯಾವುದು? ಯಾರು ಯಾರನ್ನು ಕೊಲ್ಲುತ್ತಾರೆ, ಕತ್ತಿಯೋ ವಿಷವೋ, ಅದೆಲ್ಲ ಆಮೇಲೆ. ಗ್ರೀಕರ ದುರಂತ ನಾಟಕವಿರಲಿ, ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್ ನಾಟಕವಿರಲಿ, ಯಾರದಾದರೂ ಕೈಯಲ್ಲಿ ಏನೋ ಒಂದು ಇರುತ್ತದೆ. ಸೊಫೋಕ್ಲಿಸ್‌ನ ಎಲೆಕ್ಟ್ರಾ ಬೂದಿಯ ಕಲಶ ಹಿಡಿದು ಅಳುತ್ತಾಳೆ. ಥಾಮಸ್ ಕಿಡ್‌ನ ಹೀರೋನಿಮೋ ಬಳಿ ಮಗನ ರಕ್ತ ಮೆತ್ತಿದ ಕರವಸ್ತ್ರವಿದೆ. 1607ರಲ್ಲಿ ಅಚ್ಚಾದ ‘ದಿ ರಿವೆಂಜರ್ಸ್ ಟ್ರಾಜಿಡಿ’ಯ ನಾಯಕ ತಾನು ಪ್ರೀತಿಸಿದವಳ ತಲೆಬುರುಡೆಯನ್ನೇ ಹಿಡಿದು ಬರುತ್ತಾನೆ. ಈಸ್ಕಿಲಸ್‌ನ ಒರೆಸ್ಟಿಸ್ ತಾಯಿಯನ್ನು ಕೊಂದ ಮೇಲೆ, ಅಪ್ಪನನ್ನು ಸಿಕ್ಕಿಸಿ ಕೊಂದಿದ್ದ ಬಟ್ಟೆಯನ್ನು ಹರಡಿಸಿ ಎಲ್ಲರಿಗೂ ತೋರಿಸುತ್ತಾನೆ.

ಸುಮ್ನೆ ಅಲಂಕಾರಕ್ಕೆ ಇಟ್ಟ ಪರಿಕರಗಳಲ್ಲ ಇವು. ನನ್ನ ಮಟ್ಟಿಗೆ ಸೇಡು ಅಂದರೆ ಕೇಳುವವರು ಸಿಗದ ದುಃಖ. ಕೇಳುವವರು ಇಲ್ಲದಿದ್ದಾಗ ಮನುಷ್ಯ ಏನಾದರೊಂದನ್ನು ಹಿಡಿದುಕೊಳ್ಳುತ್ತಾನೆ. ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ಅಲ್ಲಿಂದ ನಾಟಕ ಹುಟ್ಟುತ್ತದೆ. ಆದ್ದರಿಂದ ನಮ್ಮ ತಂಡದಲ್ಲಿ ತಾಲೀಮು ಶುರುವಾಗುವುದು ಆ ವಸ್ತುವಿನಿಂದ. ಕತ್ತಿಗಳು ಬಹಳ ದಿನ ಪೆಟ್ಟಿಗೆಯಲ್ಲೇ ಇರುತ್ತವೆ.

ಕೇಳುವವರು ಯಾಕಿಲ್ಲ ಎಂಬುದನ್ನೂ ನಟರಿಗೆ ಬಿಡಿಸಿ ಹೇಳಬೇಕು. ಅಥೆನ್ಸ್‌ನಲ್ಲಿ ಕೊಲೆಯ ಮೊಕದ್ದಮೆಯನ್ನು ಸರ್ಕಾರ ಹೂಡುತ್ತಿರಲಿಲ್ಲ. ಸತ್ತವನ ಹತ್ತಿರದ ನೆಂಟರೇ ಹೂಡಬೇಕಿತ್ತು. ಅಂದರೆ ಸತ್ತವನ ಪರವಾಗಿ ನಿಲ್ಲುವುದು ಮನೆಯವರ ಹೊಣೆ. ಈಗ ಎಲೆಕ್ಟ್ರಾಳ ಸ್ಥಿತಿ ನೋಡಿ. ಅಪ್ಪ ಅಗಮೆಮ್ನನ್‌ನನ್ನು ಕೊಂದವರು ಅವಳ ತಾಯಿ ಕ್ಲೈಟೆಮ್ನೆಸ್ಟ್ರಾ ಮತ್ತು ತಾಯಿಯ ಪ್ರಿಯಕರ ಈಜಿಸ್ತಸ್. ಅವರೇ ಈಗ ಅರಮನೆಯನ್ನು ಆಳುತ್ತಿದ್ದಾರೆ. ದೂರು ಕೊಡುವುದು ಯಾರಿಗೆ? ‘ಹ್ಯಾಮ್ಲೆಟ್’ನಲ್ಲೂ ಇದೇ ಕತೆ, ಅಪ್ಪನನ್ನು ಕೊಂದ ಚಿಕ್ಕಪ್ಪನೇ ರಾಜ. ನಟರಿಗೆ ಇದು ಮನಸ್ಸಿಗೆ ಇಳಿಯಿತು ಅಂದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಯಾರೂ ಸಿಟ್ಟನ್ನು ಮುಖದ ಮೇಲೆ ಬಳಿದುಕೊಂಡು ಬರುವುದಿಲ್ಲ.

‘ಎಲೆಕ್ಟ್ರಾ’ ಮಾಡಿದಾಗ ನಾನು ಜಾಸ್ತಿ ಸಮಯ ಕೊಟ್ಟಿದ್ದು ಕಲಶದ ದೃಶ್ಯಕ್ಕೆ. ಕತೆಯ ಹೂಟ ಗಟ್ಟಿಯಾಗಿದೆ. ಎಲೆಕ್ಟ್ರಾಳ ತಮ್ಮ ಒರೆಸ್ಟಿಸ್ ದೂರದಿಂದ ಗುಟ್ಟಾಗಿ ಊರಿಗೆ ಬಂದಿದ್ದಾನೆ. ತಾನು ಸತ್ತೆ ಎಂಬ ಸುದ್ದಿಯನ್ನು ತಾನೇ ಹಬ್ಬಿಸುತ್ತಾನೆ. ಅವನನ್ನು ಬೆಳೆಸಿದ ಮುದುಕ ಅರಮನೆಗೆ ಹೋಗಿ, ಡೆಲ್ಫಿಯ ರಥದ ಓಟದಲ್ಲಿ ಅವನು ಸತ್ತ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾನೆ. ಪೂರಾ ಸುಳ್ಳು. ಆಮೇಲೆ ಒರೆಸ್ಟಿಸ್ ಅಪರಿಚಿತನ ಹಾಗೆ ಬಂದು, ಇದರಲ್ಲಿ ಅವನ ಬೂದಿ ಇದೆ ಎಂದು ಕಂಚಿನ ಕಲಶ ತೋರಿಸುತ್ತಾನೆ. ಎಲೆಕ್ಟ್ರಾ ಅದನ್ನು ಬೇಡಿ ಇಸಿದುಕೊಂಡು ಅಳುತ್ತಾಳೆ. ಯಾರಿಗಾಗಿ ಅಳುತ್ತಿದ್ದಾಳೋ ಅವನು ಎದುರಿಗೇ ನಿಂತಿದ್ದಾನೆ. ನೋಡುವವರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ.

ಕಲಶ ಹೇಗಿರಬೇಕು ಎಂಬ ಚರ್ಚೆ ತಂಡದಲ್ಲಿ ಬಹಳ ನಡೆಯಿತು. ಕೈಗೆ ಭಾರ ಸಿಕ್ಕರೆ ಅಳು ಬರುತ್ತದೆ, ಒಳಗೆ ಮರಳು ತುಂಬೋಣ ಎಂದರು ಕೆಲವರು. ನಾನು ಒಪ್ಪಲಿಲ್ಲ. ಸೊಫೋಕ್ಲಿಸ್ ಅವಳ ಬಾಯಲ್ಲಿ ಆಡಿಸಿರುವ ಮಾತು ನೋಡಿ. ನಾನು ಎತ್ತಿ ಬೆಳೆಸಿದವನು ಇಷ್ಟು ಚಿಕ್ಕ ಪಾತ್ರೆಯಲ್ಲಿ ಇಷ್ಟೇ ಇಷ್ಟಾಗಿ ಬಂದೆಯಲ್ಲ ಎಂಬ ಅರ್ಥದ ಮಾತದು. ಹಗುರವೇ ಅವಳನ್ನು ಕೊಲ್ಲುವುದು. ಆದ್ದರಿಂದ ತೆಳು ತಗಡಿನ ಕಲಶ ಮಾಡಿಸಿದೆವು, ಒಳಗೆ ಖಾಲಿ. ನಟಿ ಅದನ್ನು ಭಾರವಿರಬಹುದು ಎಂಬ ಅಂದಾಜಿನಲ್ಲಿ ತೆಗೆದುಕೊಳ್ಳಬೇಕು. ಕೈಗಳು ಅಂದುಕೊಂಡದ್ದಕ್ಕಿಂತ ಬೇಗ ಮೇಲೇಳಬೇಕು. ಆ ಒಂದು ಚಲನೆ ಸಿಕ್ಕಿದ ಮೇಲೆ ಮಾತು ತಾನಾಗಿ ಬಂತು. ಧ್ವನಿ ಏರಿಸು, ಇಳಿಸು ಎಂದು ನಾನು ಹೇಳಲೇ ಇಲ್ಲ.

ಈ ಪಾತ್ರದ ಬಗ್ಗೆ ಹಳೆಯ ಕತೆಯೊಂದಿದೆ. ಕ್ರಿ.ಶ. 2ನೇ ಶತಮಾನದ ರೋಮನ್ ಬರಹಗಾರ ಔಲಸ್ ಗೆಲಿಯಸ್ ಅದನ್ನು ಬರೆದಿಟ್ಟಿದ್ದಾನೆ. ಪೋಲಸ್ ಎಂಬ ಪ್ರಸಿದ್ಧ ಗ್ರೀಕ್ ನಟ ಎಲೆಕ್ಟ್ರಾ ಆಗಿ ರಂಗಕ್ಕೆ ಬಂದಾಗ, ಸತ್ತುಹೋಗಿದ್ದ ತನ್ನ ಸ್ವಂತ ಮಗನ ಅಸ್ಥಿಯ ಕಲಶವನ್ನೇ ಸಮಾಧಿಯಿಂದ ತಂದು ಹಿಡಿದಿದ್ದನಂತೆ. ಅಲ್ಲಿ ಕಂಡದ್ದು ನಟನೆಯಲ್ಲ, ನಿಜವಾದ ಅಳು. ತಂಡದ ಹುಡುಗರಿಗೆ ಈ ಕತೆ ಬಹಳ ಇಷ್ಟ. ನನಗೆ ಭಯವೂ ಆಗುತ್ತದೆ. ನಮ್ಮ ನಟಿಗೆ ಅವಳದೇ ನೋವನ್ನು ಕೆದಕಲು ನಾನು ಹೇಳಲಿಲ್ಲ, ಯಾರಿಗೂ ಹೇಳುವುದಿಲ್ಲ. ಪ್ರತಿ ಪ್ರದರ್ಶನದಲ್ಲೂ ಒಂದೇ ಗಾಯ ಕೆದಕುತ್ತಾ ಹೋದರೆ ಮನುಷ್ಯ ಉಳಿಯುವುದಿಲ್ಲ. ತಗಡಿನ ಹಗುರ ಸಾಕು. ಸೊಫೋಕ್ಲಿಸ್‌ನ ಮಾತನ್ನು ನಂಬಿದರೆ ಸಾಕು.

ಅವಳ ಅಳು ಕೇಳಿ ಒರೆಸ್ಟಿಸ್‌ಗೆ ಸುಳ್ಳನ್ನು ಮುಂದುವರಿಸಲು ಆಗುವುದಿಲ್ಲ. ಕಲಶ ಕೊಡು ಎನ್ನುತ್ತಾನೆ, ಅವಳು ಕೊಡುವುದಿಲ್ಲ. ಇಲ್ಲಿ ನಾನು ಇಬ್ಬರಿಗೂ ಒಂದೇ ಕೆಲಸ ಕೊಟ್ಟೆ. ಅವನು ಎಳೆಯಬೇಕು, ಅವಳು ತಬ್ಬಿ ಹಿಡಿಯಬೇಕು. ಬದುಕಿರುವ ತಮ್ಮನಿಂದ ಸತ್ತ ತಮ್ಮನನ್ನು ಕಾಪಾಡಿಕೊಳ್ಳುವ ಹೋರಾಟ ಅದು. ಇಡೀ ನಾಟಕದಲ್ಲಿ ನನಗೆ ಇದಕ್ಕಿಂತ ದೊಡ್ಡ ಜಾಗ ಇನ್ನೊಂದಿಲ್ಲ. ಸೇಡಿನ ಎರಡು ಮುಖಗಳು ಇಲ್ಲೇ ಬೇರೆಯಾಗುತ್ತವೆ. ಅವನಿಗೆ ಇದು ಯೋಜನೆ, ಕಲಶ ಅದರ ಒಂದು ಉಪಾಯ. ಅವಳಿಗೆ ಇದು ಇಷ್ಟು ವರ್ಷದ ಬದುಕು.

ಗ್ರೀಕ್ ದುರಂತಗಳಲ್ಲಿ ಕೊಲೆ ಸಾಮಾನ್ಯವಾಗಿ ಬಾಗಿಲ ಹಿಂದೆ ನಡೆಯುತ್ತದೆ. ಅದನ್ನು ಹೊರಗೆ ತರುವ ಆಸೆ ನಿರ್ದೇಶಕರಿಗೆ ಬರುತ್ತದೆ. ನಾನು ಬಾಗಿಲ ಹಿಂದೆಯೇ ಇಟ್ಟೆ, ಯಾಕೆಂದರೆ ನಾಟಕ ಹೊರಗಿದೆ. ಒಳಗಿನಿಂದ ತಾಯಿ ಮಗನ ಕರುಣೆ ಬೇಡುವುದು ಕೇಳುತ್ತದೆ. ಹೊರಗೆ ನಿಂತ ಮಗಳು, ನೀನು ಅವನಿಗೆ ಕರುಣೆ ತೋರಲಿಲ್ಲವಲ್ಲ ಎನ್ನುತ್ತಾಳೆ. ಮೊದಲ ಏಟಿನ ಕೂಗು ಬಂದಾಗ, ಶಕ್ತಿಯಿದ್ದರೆ ಇನ್ನೊಂದು ಹಾಕು ಎನ್ನುತ್ತಾಳೆ. ಈ ಸಾಲನ್ನು ಕಿರುಚಬೇಡ ಎಂದೆ. ಬಾಗಿಲ ಕಡೆ ನೋಡದೆ, ಪ್ರೇಕ್ಷಕರ ಕಡೆ ಮುಖ ಮಾಡಿ ಹೇಳು ಎಂದೆ. ಕಲಶದ ದೃಶ್ಯದಲ್ಲಿ ಅವಳ ಜೊತೆ ಅತ್ತಿದ್ದ ಜನರೇ ಈಗ ಆ ಮುಖವನ್ನು ನೋಡಬೇಕು. ಸೇಡು ತೀರಲಿ ಎಂದು ಅವರೂ ಬಯಸಿದ್ದರು, ಅಲ್ವಾ? ಆ ಬಯಕೆ ನಡೆದುಹೋದಾಗ ಹೇಗಿರುತ್ತದೆ ಎಂದು ಅವರೇ ಕಂಡುಕೊಳ್ಳಲಿ.

ಒಂದು ಪ್ರದರ್ಶನ ಮುಗಿದ ಮೇಲೆ ಪ್ರೇಕ್ಷಕರೊಬ್ಬರು ಬಂದು, ತಾಯಿಯದ್ದೂ ನ್ಯಾಯವಿತ್ತಲ್ಲ ಎಂದರು. ಖಂಡಿತ ಇತ್ತು. ಟ್ರಾಯ್ ಯುದ್ಧಕ್ಕೆ ಹೊರಟ ಹಡಗುಗಳಿಗೆ ಗಾಳಿ ಬರಲೆಂದು ಅಗಮೆಮ್ನನ್ ತಮ್ಮಿಬ್ಬರ ಮಗಳು ಇಫಿಜೀನಿಯಾಳನ್ನೇ ಬಲಿ ಕೊಟ್ಟಿದ್ದ. ಈಜಿಸ್ತಸ್‌ಗೂ ಲೆಕ್ಕವಿದೆ. ಅಗಮೆಮ್ನನ್‌ನ ಅಪ್ಪ ಅಟ್ರಿಯಸ್, ಈಜಿಸ್ತಸ್‌ನ ಅಣ್ಣಂದಿರನ್ನು ಕೊಂದು ಅವರ ಅಪ್ಪ ಥೈಯೆಸ್ಟಿಸ್‌ಗೇ ಊಟಕ್ಕೆ ಬಡಿಸಿದ್ದ. ರೋಮನ್ ನಾಟಕಕಾರ ಸೆನೆಕ ಆ ಊಟವನ್ನೇ ‘ಥೈಯೆಸ್ಟಿಸ್’ ನಾಟಕ ಮಾಡಿದ. ಈ ಮನೆಯಲ್ಲಿ ಮೊದಲ ಏಟು ಯಾರದ್ದು ಎಂದು ಹುಡುಕುತ್ತಾ ಹೋದರೆ ಕೊನೆಯೇ ಇಲ್ಲ. ಕ್ರಿ.ಪೂ. 458ರ ‘ಒರೆಸ್ಟಿಯಾ’ದಲ್ಲಿ ಈಸ್ಕಿಲಸ್ ಇದನ್ನು ನಿಲ್ಲಿಸಲು ಒಂದು ನ್ಯಾಯಾಲಯವನ್ನೇ ರಂಗದ ಮೇಲೆ ತರಬೇಕಾಯಿತು. ಅಲ್ಲೂ ಮತಗಳು ಸಮ ಬಿದ್ದು, ಅಥೀನಾ ದೇವಿಯ ಮತದ ಬಲದಿಂದ ಒರೆಸ್ಟಿಸ್ ಪಾರಾಗುತ್ತಾನೆ.

ಕಿಡ್‌ನ ‘ದಿ ಸ್ಪ್ಯಾನಿಷ್ ಟ್ರಾಜಿಡಿ’ ಬೇರೆ ಥರದ ಕೆಲಸ ಕೇಳಿತು. 1592ರಲ್ಲಿ ಲಂಡನ್‌ನ ರೋಸ್ ರಂಗಮಂದಿರದಲ್ಲಿ ಇದು ಆಡುತ್ತಿತ್ತು. ಇಂಗ್ಲಿಷ್ ರಂಗದ ಮೇಲೆ ಸೇಡಿನ ನಾಟಕಕ್ಕೆ ದಾರಿ ಮಾಡಿಕೊಟ್ಟದ್ದು ಇದೇ. ಇಲ್ಲಿನ ಹೀರೋನಿಮೋ ಸ್ಪೇನ್ ಆಸ್ಥಾನದಲ್ಲಿ ನ್ಯಾಯ ನೋಡಿಕೊಳ್ಳುವ ಅಧಿಕಾರಿ. ಬೇರೆಯವರಿಗೆ ನ್ಯಾಯ ಹೇಳುವುದೇ ಅವನ ಕೆಲಸ. ಅವನ ಮಗ ಹೊರೇಷಿಯೋನನ್ನು ಅವನದೇ ತೋಟದಲ್ಲಿ ನೇಣು ಹಾಕಿ ಇರಿದು ಕೊಲ್ಲುತ್ತಾರೆ. ಕೊಂದವರಲ್ಲಿ ಒಬ್ಬ ರಾಜನ ತಮ್ಮನ ಮಗ. ರಾಜನ ಬಳಿ ಹೋದರೆ ಮಾತು ಮುಟ್ಟದಂತೆ ಅವನೇ ಅಡ್ಡ ನಿಲ್ಲುತ್ತಾನೆ.

ಕರವಸ್ತ್ರವನ್ನು ಹೀರೋನಿಮೋ ಆ ರಾತ್ರಿಯೇ ಎತ್ತಿಕೊಳ್ಳುತ್ತಾನೆ. ಸೇಡು ತೀರುವ ತನಕ ಇದು ನನ್ನನ್ನು ಬಿಡುವುದಿಲ್ಲ ಎನ್ನುತ್ತಾನೆ. ನಾವು ಎರಡು ಕರವಸ್ತ್ರ ಮಾಡಿಕೊಂಡೆವು. ಕೊಲೆಯ ರಾತ್ರಿಗೆ ಒದ್ದೆ ಕೆಂಪು. ಮುಂದಿನ ಅಂಕಗಳಿಗೆ ಕಂದು ತಿರುಗಿ ಬಿರುಸಾದದ್ದು. ಒಣಗಿದ ರಕ್ತ ಕೆಂಪಾಗಿ ಉಳಿಯುವುದಿಲ್ಲ. ಅದನ್ನು ನಿಲುವಂಗಿಯ ಒಳಗೆ ಎದೆಯ ಹತ್ತಿರ ಇಡಿಸಿದೆ. ನಡುವಿನ ದೃಶ್ಯಗಳಲ್ಲಿ ಹೊರಗೆ ತೆಗೆಯುವ ಹಾಗಿಲ್ಲ, ಬರೀ ಕೈ ಅಲ್ಲಿಗೆ ಹೋಗಬಹುದು ಎಂದೆ. ಅದೇ ಅವನ ನಡಿಗೆಯನ್ನೂ ಬದಲಿಸಿತು. ಒಂದು ಭುಜ ಸ್ವಲ್ಪ ಮುಂದೆ ಬಾಗಿತು, ಅದನ್ನು ಹಾಗೇ ಉಳಿಸಿಕೊಂಡೆವು.

ಈ ನಾಟಕದ ಜೀವ ಮೂರನೇ ಅಂಕದಲ್ಲಿದೆ. ಜನ ಅರ್ಜಿ ಹಿಡಿದು ಅವನ ಬಳಿ ಬರುತ್ತಾರೆ. ಅವರಲ್ಲಿ ಬಜುಲ್ಟೋ ಎಂಬ ಮುದುಕ ಮಾತೇ ಆಡದೆ ನಿಂತಿದ್ದಾನೆ. ಅವನ ಮಗನನ್ನೂ ಯಾರೋ ಕೊಂದಿದ್ದಾರೆ. ಹೀರೋನಿಮೋ ಕರಗಿ, ಕಣ್ಣೊರೆಸಿಕೋ ಎಂದು ಕರವಸ್ತ್ರ ತೆಗೆದು ಕೊಡಲು ಹೋಗುತ್ತಾನೆ. ಆಗ ನೋಡಿದರೆ ಅದು ಮಗನ ರಕ್ತದ ಬಟ್ಟೆ. ಇದಲ್ಲ, ಇದು ನಿನ್ನದು ಹೊರೇಷಿಯೋ ಎಂದು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಇನ್ನೊಬ್ಬ ತಂದೆಯ ಕಣ್ಣೀರು ಒರೆಸಲೂ ಈಗ ಅವನ ಬಳಿ ಬೇರೆ ಬಟ್ಟೆ ಇಲ್ಲ. ಮುಂದಿನ ಕ್ಷಣ ಉಳಿದವರ ಅರ್ಜಿಗಳನ್ನು ಹಲ್ಲಿನಿಂದ ಹರಿದು ಹಾಕುತ್ತಾನೆ. ನ್ಯಾಯದ ಅಧಿಕಾರಿಯ ಕೈಯಲ್ಲೇ ಬೇರೆಯವರ ನ್ಯಾಯ ಚೂರಾಗುತ್ತದೆ.

ನಾಟಕ ಉದ್ದವಿದೆ, ಕತ್ತರಿಸಲೇಬೇಕು. ನಾನು ಪೋರ್ಚುಗಲ್ ಆಸ್ಥಾನದ ಭಾಗವನ್ನು ಧಾರಾಳವಾಗಿ ತೆಗೆದೆ. ಮುದುಕನ ದೃಶ್ಯ ಕತೆಗೆ ಬೇಕಿಲ್ಲ, ತೆಗೆಯೋಣ ಎಂಬ ಸಲಹೆಯೂ ಬಂತು. ಅದೊಂದನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅರ್ಜಿದಾರರನ್ನು ಕೂಡ ಗಂಭೀರವಾಗಿ ಆಡಿಸಿದೆ, ಒಬ್ಬೊಬ್ಬರಿಗೂ ಅವರವರ ತುರ್ತು ಇರುವಂತೆ. ಹರಿದ ಕಾಗದಗಳನ್ನು ಮುಂದಿನ ದೃಶ್ಯಗಳಲ್ಲಿ ಗುಡಿಸಲಿಲ್ಲ. ಕೊನೆಯಲ್ಲಿ ಹೀರೋನಿಮೋ ನಾಟಕದೊಳಗೊಂದು ನಾಟಕ ಆಡಿಸಿ, ನಟನೆಯ ನೆಪದಲ್ಲಿ ನಿಜವಾಗಿ ಕೊಲ್ಲಿಸುತ್ತಾನೆ. ಆ ರಕ್ತವೆಲ್ಲ ಹರಿಯುವುದು ಈ ಚೂರುಗಳ ಮೇಲೆ.

ಹಾಗಾದರೆ ಹ್ಯಾಮ್ಲೆಟ್ ಕೈಯಲ್ಲಿ ಏನಿದೆ? ನನಗೆ ಕಂಡಂತೆ ಏನೂ ಇಲ್ಲ. ಅಪ್ಪನ ಪ್ರೇತ ಬಂದು ಮಾತಾಡಿ ಹೋಗುತ್ತದೆ, ರಕ್ತದ ಬಟ್ಟೆ ಕೊಡುವುದಿಲ್ಲ. ಸಿಕ್ಕಿದ್ದು ಬರೀ ಧ್ವನಿ. ಅದು ನಿಜವೋ ದೆವ್ವದ ಮೋಸವೋ ಎಂದು ತಿಳಿಯಲು ಅವನು ನಟರಿಂದ ನಾಟಕ ಆಡಿಸಿ ಚಿಕ್ಕಪ್ಪನ ಮುಖ ಓದಬೇಕು. ಅವನು ಯಾಕೆ ತಡ ಮಾಡುತ್ತಾನೆ ಎಂಬುದರ ಬಗ್ಗೆ ರಾಶಿ ರಾಶಿ ಬರೆದಿದ್ದಾರೆ. ರಂಗದ ಕಡೆಯಿಂದ ನೋಡಿದರೆ ಖಾಲಿ ಕೈಯೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ. ಅದೇ ನಾಟಕದಲ್ಲಿ ಲೇಯರ್ಟಿಸ್ ಎಂಬವನ ಅಪ್ಪನೂ ಹ್ಯಾಮ್ಲೆಟ್ ಕೈಯಿಂದ ಕೊಲೆಯಾಗುತ್ತಾನೆ. ಚರ್ಚ್‌ನಲ್ಲೇ ಹ್ಯಾಮ್ಲೆಟ್‌ನ ಕೊರಳು ಕೊಯ್ಯುತ್ತೇನೆ ಎನ್ನಲು ಲೇಯರ್ಟಿಸ್‌ಗೆ ಒಂದು ಕ್ಷಣವೂ ಬೇಕಾಗಿಲ್ಲ. ಪ್ರಾರ್ಥಿಸುತ್ತಾ ಕೂತ ರಾಜನ ಬೆನ್ನ ಹಿಂದೆ ಕತ್ತಿ ಎತ್ತಿ ಹಿಂದೆ ಸರಿದವನು ಹ್ಯಾಮ್ಲೆಟ್.

ಈಗ ನಮ್ಮ ತಂಡ ‘ಮೆಡಿಯಾ’ ತಾಲೀಮು ನಡೆಸುತ್ತಿದೆ. ಕ್ರಿ.ಪೂ. 431ರ ಸ್ಪರ್ಧೆಯಲ್ಲಿ ಯೂರಿಪಿಡೀಸ್‌ಗೆ ಈ ನಾಟಕವಿದ್ದ ಗುಂಪಿಗೆ ಸಿಕ್ಕಿದ್ದು ಕೊನೆಯ ಸ್ಥಾನ. ಇಲ್ಲಿ ನನ್ನ ಪ್ರಶ್ನೆಗೆ ಬೆಚ್ಚಿಬೀಳಿಸುವ ಉತ್ತರ ಬರುತ್ತದೆ. ತನ್ನನ್ನು ಬಿಟ್ಟು ಬೇರೆ ಮದುವೆಯಾದ ಗಂಡ ಜೇಸನ್ ಮೇಲೆ ಸೇಡು ತೀರಿಸುವ ಮೆಡಿಯಾ ಕೈಯಲ್ಲಿರುವುದು ಜೀವ ಇರುವ ಸ್ವಂತ ಮಕ್ಕಳು. ಕೊಲ್ಲುವ ಮೊದಲು ಅವರ ಕೈ ಹಿಡಿದು, ಮೈಯ ಮೃದುತನ, ಉಸಿರಿನ ಸಿಹಿ ಎಂದು ಹೇಳುತ್ತಾಳೆ. ಆ ಜಾಗಕ್ಕೆ ನಟಿ ಬೆರಳುಗಳನ್ನು ಒಂದೊಂದಾಗಿ ಬಿಡಿಸುವ ಅಭ್ಯಾಸ ಮಾಡುತ್ತಿದ್ದಾರೆ. ಮಕ್ಕಳ ಪಾತ್ರ ಮಾಡುವ ಹುಡುಗರಿಗೆ ಇದೊಂದು ಬೀಳ್ಕೊಡುಗೆ ಎಂದಷ್ಟೇ ಹೇಳಿದ್ದೇವೆ, ಒಳಗಿನಿಂದ ಬರುವ ಕೂಗುಗಳನ್ನು ದೊಡ್ಡ ನಟರೇ ಕೊಡುತ್ತಾರೆ.

ಕೊನೆಯಲ್ಲಿ ಅವಳು ಮಕ್ಕಳ ಹೆಣಗಳೊಂದಿಗೆ ಸೂರ್ಯ ಕೊಟ್ಟ ರಥದಲ್ಲಿ ಮೇಲೆ ನಿಲ್ಲುತ್ತಾಳೆ. ಒಮ್ಮೆ ಮುಟ್ಟುತ್ತೇನೆ ಎಂದು ಜೇಸನ್ ಬೇಡುತ್ತಾನೆ, ಅವಳು ಬಿಡುವುದಿಲ್ಲ. ಅಪ್ಪನಿಗೆ ಬೂದಿಯೂ ಇಲ್ಲ, ಬಟ್ಟೆಯೂ ಇಲ್ಲ. ಅದಕ್ಕೇ ಜೇಸನ್ ಪಾತ್ರಧಾರಿಯಿಂದ ಕತ್ತಿ, ಮೇಲುಹೊದಿಕೆ ಎಲ್ಲ ತೆಗೆಸಿದ್ದೇನೆ, ಹಿಡಿದುಕೊಳ್ಳಲು ಏನೂ ಇರಬಾರದು. ರಥದ ಎತ್ತರ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ರಂಗಸಜ್ಜಿಕೆಯವರು ಆದಷ್ಟು ಮೇಲೆ ಒಯ್ಯೋಣ ಎನ್ನುತ್ತಾರೆ, ದೂರದ ಸಾಲಿನವರಿಗೂ ಕಾಣುತ್ತದೆ ಎಂಬ ಕಾರಣಕ್ಕೆ. ನಾನು ತಗ್ಗಿಸಿ ಎನ್ನುತ್ತಿದ್ದೇನೆ. ಕೈ ಚಾಚಿದರೆ ಇನ್ನೇನು ಸಿಕ್ಕಿತು ಅನ್ನಿಸುವಷ್ಟು.