ಮನೆಯಿಂದ ಮಂಗಳವಾರದ ಕ್ಲಿನಿಕ್‌ವರೆಗೆ: ಮನಸ್ಸು ನೊಂದವರಿಗೆ ಊರು ಆಸರೆಯಾಗುವುದು ಹೇಗೆ?

ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಕಾಯಿಲೆಯ ಬಗೆಗೆ ತಕ್ಕಂತೆ ಅವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಚಿಕಿತ್ಸೆ ಕೊಡುವುದು ವೈದ್ಯರ ಕೆಲಸ. ಆದರೆ ಮನೆಯಿಂದ ಆಸ್ಪತ್ರೆಯವರೆಗಿನ ದಾರಿ ಮತ್ತು ಅಲ್ಲಿಂದ ಮರಳಿದ ಮೇಲಿನ ದಿನಗಳನ್ನು ಊರಿನವರು ತಮ್ಮ ಹೊಣೆ ಎಂದು ವಹಿಸಿಕೊಳ್ಳದೆ ಈ ಅಂತರ ತುಂಬುವುದಿಲ್ಲ.

ಮೊದಲು ನಾಲ್ಕೈದು ಜನರು ಒಂದಾಗಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಸ್ವಸಹಾಯ ಸಂಘದ ಒಬ್ಬ ಸದಸ್ಯೆ, ಶಾಲೆಯ ಶಿಕ್ಷಕರು ಮತ್ತು ಊರಿನವರು ಮಾತಿಗೆ ಬೆಲೆ ಕೊಡುವ ಒಬ್ಬ ಹಿರಿಯರು ಇದ್ದರೆ ಸಾಕು. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಆಡದವರನ್ನೇ ಆರಿಸಿಕೊಳ್ಳುವುದು ಮುಖ್ಯ, ಏಕೆಂದರೆ ಗುಟ್ಟು ಒಮ್ಮೆ ಹೊರಬಿದ್ದರೆ ಆ ಊರಿನಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಮುಂದಿನದು ಗುರುತಿಸುವ ಕೆಲಸ. ಎರಡು ವಾರಕ್ಕೂ ಮೀರಿ ಬೇಸರ ಹೋಗದಿರುವುದು, ನಿದ್ದೆ ಮತ್ತು ಹಸಿವು ಕೆಡುವುದು, ಇಷ್ಟದ ಕೆಲಸದಲ್ಲೂ ಮನಸ್ಸು ನಿಲ್ಲದಿರುವುದು ಖಿನ್ನತೆಯ ಲಕ್ಷಣಗಳಾಗಿರಬಹುದು. ಇಲ್ಲದ ದನಿ ಕೇಳಿಸುತ್ತದೆ ಎನ್ನುವುದು, ಮನೆಯವರೇ ಊಟಕ್ಕೆ ವಿಷ ಹಾಕುತ್ತಿದ್ದಾರೆಂದು ಶಂಕಿಸುವುದು, ಸ್ನಾನವನ್ನೂ ಬಿಟ್ಟು ಮೂಲೆ ಸೇರುವುದು ಕಂಡರೆ ತಡಮಾಡಬಾರದು. ಇವನ್ನು ಕಂಡವರು ಕಾಯಿಲೆಗೆ ಹೆಸರಿಡಲು ಹೋಗಬಾರದು. ಅದು ವೈದ್ಯರಿಗೆ ಬಿಟ್ಟದ್ದು.

ಮಾತನಾಡಿಸುವುದು ಎಲ್ಲಕ್ಕಿಂತ ಸೂಕ್ಷ್ಮವಾದ ಹಂತ. ನಾಲ್ಕು ಜನರ ಎದುರಿಗಲ್ಲದೆ, ಜಗಲಿಯಲ್ಲೋ ತೋಟದಲ್ಲೋ ಒಬ್ಬರೇ ಸಿಕ್ಕಾಗ, 'ಯಾಕಣ್ಣ, ಇತ್ತೀಚೆಗೆ ರಾತ್ರಿ ಸರಿಯಾಗಿ ನಿದ್ದೆ ಬರ್ತಿಲ್ವಾ?' ಎಂದು ಕೇಳಿ ಸುಮ್ಮನೆ ಕಾಯಬೇಕು. ನಿದ್ದೆಯ ವಿಷಯ ಹೇಳಿಕೊಳ್ಳಲು ಯಾರಿಗೂ ನಾಚಿಕೆಯಿಲ್ಲ, ಉಳಿದ ಮಾತು ಅದರ ಹಿಂದೆಯೇ ಬರುತ್ತದೆ. 'ನಿನಗೇನು ಕಡಿಮೆಯಾಗಿದೆ', 'ಧೈರ್ಯ ತಂದುಕೋ' ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬಂದರೂ ನೊಂದವರ ಬಾಯಿ ಮುಚ್ಚಿಸಿಬಿಡುತ್ತವೆ.

ಬದುಕು ಬೇಡ ಎನ್ನುವ ಸುಳಿವು ಸಿಕ್ಕರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಸರಿಯಲ್ಲ. ಬರುತ್ತಿದೆ ಎಂದರೆ ಅವರನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಕೀಟನಾಶಕವನ್ನು ಅಂದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಮನೆಯ ಬೇರೆ ಒಬ್ಬರ ಕೈಗೆ ಕೊಡಬೇಕು, ಇಲ್ಲವೇ ಅದನ್ನು ಮನೆಯಿಂದಲೇ ಸಾಗಿಸಬೇಕು. ಹಳ್ಳಿಗಳಲ್ಲಿ ಜೀವ ಉಳಿಸುವ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ ಎಂದೇ ನಾನು ನಂಬಿದ್ದೇನೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು; ಮನೆಯವರೂ ಕರೆ ಮಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ನೆರವು ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುವುದರಿಂದ, ಪೊಲೀಸರ ಭಯಕ್ಕೆ ಆಸ್ಪತ್ರೆಯನ್ನು ತಪ್ಪಿಸುವ ಅಗತ್ಯವಿಲ್ಲ.

ಆಸ್ಪತ್ರೆಗೆ ದೂರ ಹೋಗಬೇಕೆಂದೇನಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ನೀಡಬಹುದೆಂದು ತೋರಿಸಿದ ಪ್ರಯೋಗವನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ದಿನವನ್ನು ಆಶಾ ಕಾರ್ಯಕರ್ತೆಯಿಂದ ಖಚಿತಪಡಿಸಿಕೊಂಡು, ಮೊದಲ ಸಲ ಗುಂಪಿನ ಒಬ್ಬರು ಜೊತೆಯಲ್ಲಿ ಹೋಗಬೇಕು. ಮನೆಯವರು ಗಾಳಿ ಸೋಕಿದೆ ಎಂದು ನಂಬಿ ಹರಕೆ ಹೊತ್ತಿದ್ದರೆ ವಾದಕ್ಕಿಳಿಯದೆ, ಹರಕೆಯೂ ಇರಲಿ, ಮಾತ್ರೆಯೂ ನಡೆಯಲಿ ಎಂದು ಒಪ್ಪಿಸುವುದು ಲೇಸು. ಆದರೆ ಸರಪಳಿ ಹಾಕಿ ಕಟ್ಟುವುದನ್ನು ಮಾತ್ರ ಒಪ್ಪಲೇಬಾರದು. 2017ರ ಅದೇ ಕಾಯ್ದೆ ಅದನ್ನು ನಿಷೇಧಿಸಿದೆ.

ಹೆಚ್ಚಿನ ಚಿಕಿತ್ಸೆಗಳು ಮುರಿದುಬೀಳುವುದು ಮನೆಗೆ ಮರಳಿದ ಮೇಲೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಮಂಪರು ಮೊದಲಾದ ತೊಂದರೆಗಳು ಮಾತ್ರ ಅದಕ್ಕೂ ಮೊದಲೇ ಕಾಣಿಸಿಕೊಳ್ಳಬಹುದು. ಹೀಗಾಗಿ ಗುಣ ಕಾಣುವ ಮುನ್ನವೇ ಅನೇಕರು ಮಾತ್ರೆ ಬಿಡುತ್ತಾರೆ, ಇನ್ನು ಕೆಲವರು ಗುಣವಾಯಿತೆಂದು ಬಿಡುತ್ತಾರೆ. ವಾರಕ್ಕೊಮ್ಮೆ ಮನೆಗೆ ಹೋಗಿ ಮಾತ್ರೆಯ ಸ್ಟ್ರಿಪ್ ನೋಡಿ ಎಷ್ಟು ನುಂಗಿದ್ದಾರೆಂದು ತಿಳಿಯುವುದು, ಮುಂದಿನ ಭೇಟಿಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ವೈದ್ಯರನ್ನು ಕೇಳದೆ ನಿಲ್ಲಿಸದಂತೆ ಹೇಳುವುದು ಗುಂಪಿನ ನಿತ್ಯದ ಕೆಲಸವಾಗಬೇಕು.

ಗುಣಮುಖರಾಗುತ್ತಿರುವವರಿಗೆ ಕೆಲಸವೂ ಬೇಕು, ಮದುವೆ–ನಾಮಕರಣಗಳಿಗೆ ಎಲ್ಲರಂತೆ ಕರೆಯೂ ಬೇಕು. ಕಾಯಿಲೆ ದೀರ್ಘವಾಗಿ ದುಡಿಮೆ ನಿಂತಿದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿರುವುದರಿಂದ, ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಹಾಕಬಹುದು. ಚಿಕಿತ್ಸೆಯ ಚೀಟಿಗಳನ್ನು ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಸೇರಿಸಿಟ್ಟಿದ್ದರೆ ಈ ಅಲೆದಾಟ ಬಹಳ ಕಡಿಮೆಯಾಗುತ್ತದೆ.