ಪ್ಯಾರಾಫಿನ್ ಬ್ಲಾಕ್‌ನಿಂದ ಕ್ರೊಮ್ಯಾಟಿನ್: ಸೋನಿಕೇಟರ್‌ಗೂ ಮೊದಲು ಬಿಸಿಯ ಲೆಕ್ಕ

ಕ್ರೊಮ್ಯಾಟಿನ್ ಎಂದರೆ ಡಿಎನ್‌ಎ ಮತ್ತು ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನು. ಆ್ಯಂಟಿಬಾಡಿಯಿಂದ ಪ್ರೋಟೀನನ್ನು ಹಿಡಿದು ಅದಕ್ಕಂಟಿದ ಡಿಎನ್‌ಎ ಪಡೆಯುವ ವಿಧಾನ ಕ್ರೊಮ್ಯಾಟಿನ್ ಇಮ್ಯುನೋಪ್ರೆಸಿಪಿಟೇಶನ್ (ಚಿಪ್). ಕೋಶಗಳ ಮೇಲೆ ಅದನ್ನು ಮಾಡುವಾಗ ಪ್ರೋಟೀನು, ಡಿಎನ್‌ಎಗಳನ್ನು ಬೆಸೆಯಲು 1% ಫಾರ್ಮಾಲ್ಡಿಹೈಡ್‌ನಲ್ಲಿ 10 ನಿಮಿಷ ಇಟ್ಟರೆ ಸಾಕು. ಪೆಥಾಲಜಿ ಬ್ಲಾಕ್‌ನ ಕಥೆ ಬೇರೆ. ಅದು 10% ಫಾರ್ಮಾಲಿನ್‌ನಲ್ಲಿ, ಅಂದರೆ ಸುಮಾರು 4% ಫಾರ್ಮಾಲ್ಡಿಹೈಡ್‌ನಲ್ಲಿ, ಒಂದೆರಡು ದಿನ ನೆನೆದು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡು. ಅದನ್ನು ಹಾಗೆಯೇ ಸೋನಿಕೇಟ್ ಮಾಡಿದರೆ (ಶಬ್ದತರಂಗದಿಂದ ಚೂರು ಮಾಡಿದರೆ) ಕ್ರೊಮ್ಯಾಟಿನ್‌ನ ಹೆಚ್ಚಿನ ಪಾಲು ಪೆಲೆಟ್‌ನಲ್ಲೇ (ಸೆಂಟ್ರಿಫ್ಯೂಜ್ ಮಾಡಿದಾಗ ತಳಕ್ಕಿಳಿಯುವ ಗಟ್ಟಿಭಾಗದಲ್ಲೇ) ಕೂರುತ್ತದೆ. ಆಗ ಬಹುತೇಕರು ಸೋನಿಕೇಶನ್ ಸಮಯ ಹೆಚ್ಚಿಸುತ್ತಾರೆ. ಡಿಎನ್‌ಎ ಇನ್ನಷ್ಟು ಚೂರಾಗುತ್ತದೆಯೇ ಹೊರತು ತಿಳಿಗೆ (ಮೇಲೆ ಉಳಿಯುವ ದ್ರವಕ್ಕೆ) ಬರುವುದು ಕಡಿಮೆ. ಮೊದಲು ಸರಿಪಡಿಸಬೇಕಾದದ್ದು ಬಿಸಿ ಮಾಡುವ ಹಂತ.

ಬ್ಲಾಕ್ ಆಯ್ಕೆ

ಮಂಗಳೂರು, ಮಣಿಪಾಲದ ಪೆಥಾಲಜಿ ವಿಭಾಗಗಳಿಂದ ಹಳೆಯ ಬ್ಲಾಕ್ ಪಡೆಯುವ ಮುನ್ನ ಸಂಸ್ಥೆಯ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು. ಉಳಿಕೆ ಅಂಗಾಂಶಕ್ಕೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಅನ್ವಯಿಸುತ್ತದೆ. ಮೊದಲು ಒಂದು ಎಚ್ ಅಂಡ್ ಇ (ಬಣ್ಣ ಹಾಕಿದ ಅಂಗಾಂಶದ) ಸ್ಲೈಡ್ ನೋಡಿ. ಬಾಯಿಯ ಕ್ಯಾನ್ಸರ್‌ನ ಮಾದರಿಯಲ್ಲಿ ಕೆರಾಟಿನ್ ತುಂಬಿದ ಜಾಗ ಎಷ್ಟು ದೊಡ್ಡದಿದ್ದರೂ ಅಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ. ದವಡೆ ಮೂಳೆಯ ತುಂಡನ್ನು ಆಮ್ಲದಲ್ಲಿ ಡಿಕ್ಯಾಲ್ಸಿಫೈ ಮಾಡಿದ್ದರೆ (ಸುಣ್ಣದಂಶ ತೆಗೆದಿದ್ದರೆ) ಬಿಟ್ಟುಬಿಡಿ, ಅದರ ಡಿಎನ್‌ಎ ಕೆಲಸಕ್ಕೆ ಬರುವುದಿಲ್ಲ.

ಗಾಳಿಗೆ ತೆರೆದಿದ್ದ ಮೊದಲ ಎರಡು ಮೂರು ಸೆಕ್ಷನ್ (ಬ್ಲಾಕ್‌ನಿಂದ ಕತ್ತರಿಸಿದ ತೆಳು ಪದರ) ಎಸೆಯಿರಿ. 10 ಮೈಕ್ರಾನ್ ದಪ್ಪದ ನಾಲ್ಕರಿಂದ ಎಂಟು ಸೆಕ್ಷನ್ 1.5 ಮಿಲಿ ಟ್ಯೂಬಿಗೆ ಹಾಕಿ. ಕರಾವಳಿಯ ಏಪ್ರಿಲ್–ಮೇ ಸೆಕೆಯಲ್ಲಿ ಮೇಣ ಮೆತ್ತಗಾಗಿ ಸೆಕ್ಷನ್ ಮುದುಡುತ್ತದೆ. ಬ್ಲಾಕನ್ನು ಐಸ್ ಮೇಲಿಟ್ಟು ಕತ್ತರಿಸಿ. ಮಳೆಗಾಲದಲ್ಲಿ ಬ್ಲಾಕ್ ಮೇಲೆ ಬೂಸ್ಟು ಕಂಡರೆ ಮೇಲ್ಪದರ ಇನ್ನಷ್ಟು ಆಳಕ್ಕೆ ಕೆರೆದು ತೆಗೆಯಿರಿ.

ಮೇಣ ತೆಗೆಯುವುದು

ಫ್ಯೂಮ್ ಹುಡ್‌ನಲ್ಲಿ 1 ಮಿಲಿ ಝೈಲೀನ್, 10 ನಿಮಿಷ, ಮೂರು ಸಲ. ನಂತರ 100, 95, 70, 50, 20 ಶೇಕಡಾ ಎಥನಾಲ್, ಕೊನೆಗೆ ನೀರು. ಒಂದೊಂದರಲ್ಲೂ 5ರಿಂದ 10 ನಿಮಿಷ. ಪ್ರತಿ ಸಲವೂ ಪೂರ್ಣ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ. ಎಥನಾಲ್ ಹಾಕಿದಾಗ ಬಿಳಿ ಪದರ ಕಂಡರೆ ಮೇಣ ಉಳಿದಿದೆ ಎಂದರ್ಥ. ಹಿಂದೆ ಹೋಗಿ ಇನ್ನೊಮ್ಮೆ ಝೈಲೀನ್ ಕೊಡಿ.

ಬಿಸಿ

ಪೆಲೆಟನ್ನು 300 ಮೈಕ್ರೋಲೀಟರ್ ಬಫರ್‌ನಲ್ಲಿ ಕದಡಿ: 10 ಮಿಲಿಮೋಲಾರ್ ಟ್ರಿಸ್ (ಪಿಎಚ್ 8.0), 1 ಮಿಲಿಮೋಲಾರ್ ಇಡಿಟಿಎ, 0.1% ಎಸ್‌ಡಿಎಸ್ (ಡಿಟರ್ಜೆಂಟ್). ಈ ಹಂತದಲ್ಲಿ ಉಪ್ಪನ್ನಾಗಲಿ ಪ್ರೋಟೀನ್ ಕತ್ತರಿಸುವ ಕಿಣ್ವವಾದ ಪ್ರೋಟೀನೇಸ್ ಕೆ ಅನ್ನಾಗಲಿ ಸೇರಿಸಬೇಡಿ. ಬೇಕಿರುವುದು ಫಾರ್ಮಾಲ್ಡಿಹೈಡ್ ಹಾಕಿದ ಬೆಸುಗೆ ಸಡಿಲವಾಗುವುದಷ್ಟೇ. ಪೂರ್ತಿ ಬಿಚ್ಚಿದರೆ ಹಿಸ್ಟೋನು ಡಿಎನ್‌ಎ ಬಿಟ್ಟು ಹೋಗುತ್ತದೆ, ಆ್ಯಂಟಿಬಾಡಿ ಹಿಡಿದರೂ ಡಿಎನ್‌ಎ ಬರುವುದಿಲ್ಲ.

ಎಲ್ಲ ಅಂಗಾಂಶಕ್ಕೂ ಹೊಂದುವ ಒಂದೇ ತಾಪಮಾನ ಇಲ್ಲ. ಬೆಲೆಬಾಳುವ ಮಾದರಿ ಮುಟ್ಟುವ ಮೊದಲು ಅದೇ ಬಗೆಯ ಬೇರೆ ಬ್ಲಾಕ್‌ನಿಂದ ನಾಲ್ಕು ಟ್ಯೂಬ್ ಮಾಡಿ: ಒಂದಕ್ಕೆ ಬಿಸಿ ಬೇಡ, ಉಳಿದವು 45, 55, 65 ಡಿಗ್ರಿಯಲ್ಲಿ ರಾತ್ರಿಯಿಡೀ. ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿಗೆ ಸುಮಾರು 0.03 ಇಳಿಯುತ್ತದೆ, 25 ಡಿಗ್ರಿಯಲ್ಲಿ 8.0 ಇದ್ದದ್ದು 65ರಲ್ಲಿ 7ರ ಹತ್ತಿರ. ಹಾಗಾಗಿ ಬಫರ್ ಬದಲಿಸಿದರೆ ಪ್ರಯೋಗವನ್ನು ಮತ್ತೆ ಮೊದಲಿಂದ ಮಾಡಬೇಕು. ಜೂನ್–ಜುಲೈಯಲ್ಲಿ ಹೀಟ್ ಬ್ಲಾಕನ್ನು ಯುಪಿಎಸ್‌ಗೆ ಜೋಡಿಸಿ. ನಡುರಾತ್ರಿ ಕರೆಂಟ್ ಹೋಗಿ ಬಂದರೆ ಟ್ಯೂಬ್ ಎಷ್ಟು ಹೊತ್ತು ಬಿಸಿಯಿತ್ತೆಂದು ಬೆಳಿಗ್ಗೆ ಹೇಳಲಾಗದು.

ಸೋನಿಕೇಶನ್

ತಣಿದ ಮೇಲೆ, ಸೋನಿಕೇಶನ್‌ಗೆ ಸ್ವಲ್ಪ ಮೊದಲು ಪ್ರೋಟಿಯೇಸ್ ಇನ್‌ಹಿಬಿಟರ್ ಮತ್ತು 1 ಮಿಲಿಮೋಲಾರ್ ಪಿಎಂಎಸ್‌ಎಫ್ ಹಾಕಿ, ಎರಡೂ ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುತ್ತವೆ. ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಹಾಳಾಗುತ್ತದೆ. ಮೊದಲೇ ಬೆರೆಸಿಟ್ಟ ಬಫರ್‌ನಲ್ಲಿ ಅದು ಇಲ್ಲವೆಂದೇ ತಿಳಿಯಿರಿ. ಬಾತ್ ಸೋನಿಕೇಟರ್ ಆದರೆ 30 ಸೆಕೆಂಡ್ ಆನ್, 30 ಸೆಕೆಂಡ್ ಆಫ್. 5, 10, 15, 20 ಸೈಕಲ್‌ಗಳಲ್ಲಿ ಸ್ವಲ್ಪ ಸ್ವಲ್ಪ ತೆಗೆದು ನೋಡಿ. ಗುರಿ 150ರಿಂದ 500 ಬೇಸ್ ಪೇರ್. ಎಸ್‌ಡಿಎಸ್ ಹೆಚ್ಚಿಸಿ ಐಸ್‌ನಲ್ಲಿಟ್ಟರೆ ಬಿಳಿಯಾಗಿ ಕೆಳಗಿಳಿಯುತ್ತದೆ. ಅದನ್ನು ಪ್ರೋಟೀನ್ ಗಡ್ಡೆ ಎಂದುಕೊಂಡು ತೆಗೆದು ಎಸೆಯಬೇಡಿ, ಕೋಣೆಯ ಉಷ್ಣತೆಗೆ ತನ್ನಿ.

ಅಳತೆ

14,000 ಜಿ ವೇಗದಲ್ಲಿ 10 ನಿಮಿಷ ತಿರುಗಿಸಿ, ತಿಳಿಯನ್ನೂ ಪೆಲೆಟನ್ನೂ ಬೇರೆಬೇರೆ ಇಡಿ. ಪೆಲೆಟ್ ಎಸೆಯುವವರಿಗೆ ಎಲ್ಲಿ ಸೋತೆವೆಂಬುದೇ ತಿಳಿಯದು. ತಿಳಿಯಿಂದ ಸ್ವಲ್ಪ ಪಾಲು ಮತ್ತು ಪೂರ್ತಿ ಪೆಲೆಟ್ ತೆಗೆದುಕೊಂಡು 200 ಮಿಲಿಮೋಲಾರ್ ಉಪ್ಪು ಮತ್ತು ಪ್ರೋಟೀನೇಸ್ ಕೆ ಹಾಕಿ, 65 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಕಾಲಂನಲ್ಲಿ ಶುದ್ಧಗೊಳಿಸಿ ಡಿಎನ್‌ಎ ಅಳೆಯುವ ಕ್ಯೂಬಿಟ್ ಉಪಕರಣದಲ್ಲಿ ಅಳೆಯಿರಿ. ನ್ಯಾನೋಡ್ರಾಪ್ ಎಂಬ ಇನ್ನೊಂದು ಉಪಕರಣ ಆರ್‌ಎನ್‌ಎಯನ್ನೂ ಸೇರಿಸಿ ಓದುತ್ತದೆ. ತಿಳಿಯ ಪಾಲನ್ನು ಇಡೀ ಗಾತ್ರಕ್ಕೆ ಲೆಕ್ಕ ಹಾಕಿ, ಒಟ್ಟು ಡಿಎನ್‌ಎಯಲ್ಲಿ ಅದು ಶೇಕಡಾ ಎಷ್ಟು ಎಂದು ನೋಡಿ.

ಆ ಸಂಖ್ಯೆ ಅತಿ ಹೆಚ್ಚಿರುವ ಟ್ಯೂಬೇ ಗೆದ್ದಿತು ಎಂದೇನಲ್ಲ. ನಾಲ್ಕರ ಮೇಲೂ ಒಟ್ಟು ಎಚ್3 ಹಿಸ್ಟೋನ್ ಆ್ಯಂಟಿಬಾಡಿ ಮತ್ತು ಐಜಿಜಿ (ಹೋಲಿಕೆಗೆಂದು ಬಳಸುವ, ಹಿಸ್ಟೋನ್ ಹಿಡಿಯದ ಆ್ಯಂಟಿಬಾಡಿ) ಇಟ್ಟು ಸಣ್ಣ ಚಿಪ್ ಮಾಡಿ. ತಿಳಿಯಲ್ಲಿ ಡಿಎನ್‌ಎ ಏರಿ ಎಚ್3 ಸಂಕೇತ ಐಜಿಜಿ ಮಟ್ಟಕ್ಕೆ ಇಳಿದಿದ್ದರೆ ಬಿಸಿ ಅತಿಯಾಗಿದೆ. ಎರಡೂ ಚೆನ್ನಾಗಿರುವ ಅತಿ ಕಡಿಮೆ ತಾಪಮಾನವನ್ನೇ ಆರಿಸಿ. ಆಮೇಲೆ ಎಚ್3ಕೆ4ಎಂಇ3 ಗುರುತಿನಿಂದ (ಸಕ್ರಿಯ ಜೀನ್‌ಗಳ ಆರಂಭದಲ್ಲಿ ಕಾಣುವ ಹಿಸ್ಟೋನ್ ಗುರುತು) ಶುರು ಮಾಡಿ, ಪಾಸಿಟಿವ್ ಕಂಟ್ರೋಲ್ ಆಗಿ ಜಿಎಪಿಡಿಎಚ್ ಜೀನ್‌ನ ಪ್ರಮೋಟರ್ (ಆರಂಭದ ಭಾಗ) ಇರಲಿ. ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್‌ಗಳು (ಜೀನ್ ನಿಯಂತ್ರಿಸುವ ಪ್ರೋಟೀನುಗಳು) ಇಂಥ ಅಂಗಾಂಶದಲ್ಲಿ ಸುಲಭಕ್ಕೆ ಬಗ್ಗುವುದಿಲ್ಲ. ಬಂದ ಡಿಎನ್‌ಎ ಅಳೆಯುವ ಕ್ಯೂಪಿಸಿಆರ್‌ನ ಪ್ರೈಮರ್‌ಗಳ ನಡುವಿನ ಅಂತರ 60ರಿಂದ 100 ಬೇಸ್ ಪೇರ್ ಇರಲಿ. 200 ಇಟ್ಟರೆ ಚಿಕ್ಕ ಚೂರುಗಳೆಲ್ಲ ಲೆಕ್ಕದಿಂದ ತಪ್ಪಿಹೋಗುತ್ತವೆ.