ಸ್ಟಿಲೋರ್ಗನ್‌ಗೆ ಹೊಸಬರಾ? ಕಿಲ್ಮಕಡ್ ಕ್ರೋಕ್ಸ್ ಬಗ್ಗೆ ತಿಳಿದಿರಲಿ

ಸ್ಯಾಂಡಿಫರ್ಡ್ ಆಫೀಸುಗಳಿಗೆ ಹತ್ತಿರ ಅಂತ ಡಬ್ಲಿನ್‌ನ ಸ್ಟಿಲೋರ್ಗನ್ ಕಡೆ ಮನೆ ಹಿಡಿದಿದ್ದರೆ, ನೇರಳೆ–ಹಳದಿ ಜೆರ್ಸಿ ಹಾಕಿದ ಮಕ್ಕಳನ್ನು ನೋಡಿಯೇ ಇರುತ್ತೀರಿ. ಅದು ಕಿಲ್ಮಕಡ್ ಕ್ರೋಕ್ಸ್ ಎಂಬ, ಐರ್ಲೆಂಡಿನ ಆಟಗಳ ಕ್ಲಬ್ಬಿನ ಬಣ್ಣ. ಇಲ್ಲಿ ಅಕ್ಕಪಕ್ಕದವರ ಪರಿಚಯ ಆಗಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಕ್ಲಬ್ ಶುರುವಾಗಿದ್ದು 1959ರಲ್ಲಿ, ಅದೂ ಹರ್ಲಿಂಗ್ (ಕೋಲು–ಚೆಂಡಿನ ಐರಿಶ್ ಆಟ) ಆಡಲಿಕ್ಕೆ. 1966ರಲ್ಲಿ ಕ್ರೋಕ್ಸ್ ಎಂಬ ಇನ್ನೊಂದು ಕ್ಲಬ್ ಜೊತೆ ಸೇರಿದ ಮೇಲೆ ಈಗಿನ ಹೆಸರು ಬಂತು, ಕೈ ಕಾಲು ಎರಡರಿಂದಲೂ ಆಡುವ ಐರಿಶ್ ಆಟ ಗೇಲಿಕ್ ಫುಟ್‌ಬಾಲ್ ಬೆಳೆಯಿತು. ನಾವೆಲ್ಲ ಸಾಮಾನು ತರುವ ಸ್ಟಿಲೋರ್ಗನ್ ಶಾಪಿಂಗ್ ಸೆಂಟರ್ ತೆರೆದದ್ದೂ ಅದೇ ವರ್ಷ. ಸುತ್ತ ಹೊಸ ಮನೆಗಳು ಏಳುತ್ತಿದ್ದ ಕಾಲ ಅದು. ಬಡಾವಣೆ ಬೆಳೆದಂತೆ ಕ್ಲಬ್ಬೂ ಬೆಳೆಯಿತು. ಹಾಗಾಗಿ ಹೊಸಬರು ಅಂತ ಹಿಂಜರಿಯಬೇಡಿ.

ಕ್ರೋಕ್ ಅಂದರೆ ಆರ್ಚ್‌ಬಿಷಪ್ ಥಾಮಸ್ ಕ್ರೋಕ್. 1884ರಲ್ಲಿ ಹುಟ್ಟಿದ, ಈ ಆಟಗಳನ್ನು ನಡೆಸುವ ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್) ಸಂಸ್ಥೆಗೆ ಬೆನ್ನೆಲುಬಾಗಿ ನಿಂತವರು. ಡಬ್ಲಿನ್‌ನ ದೊಡ್ಡ ಸ್ಟೇಡಿಯಂ ಕ್ರೋಕ್ ಪಾರ್ಕ್‌ಗೂ ಅವರದೇ ಹೆಸರು.

ಗೇಲಿಕ್ ಫುಟ್‌ಬಾಲ್‌ನಲ್ಲಿ ಕ್ಲಬ್ ಮೂರು ಸಲ ಅಖಿಲ ಐರ್ಲೆಂಡ್ ಚಾಂಪಿಯನ್ ಆಗಿದೆ: 1995, 2009, 2023. ಕೊನೆಯದ್ದರ ಮಾತು ಈಗಲೂ ಬರುತ್ತದೆ. ಫೈನಲ್‌ನಲ್ಲಿ ಎದುರಾಳಿ ಡೆರಿ ಕೌಂಟಿಯ ಗ್ಲೆನ್ ಕ್ಲಬ್. ಗೆದ್ದದ್ದು ಎರಡೇ ಪಾಯಿಂಟ್ ಅಂತರದಲ್ಲಿ. ಆದರೆ ಕೊನೆಯ ಕ್ಷಣಗಳಲ್ಲಿ ಆಟಗಾರರನ್ನು ಬದಲಿಸುವಾಗ ಕ್ರೋಕ್ಸ್ ಕಡೆ ಇರಬೇಕಾದ 15ಕ್ಕಿಂತ ಜಾಸ್ತಿ ಜನ ಮೈದಾನದಲ್ಲಿದ್ದರು. ಗ್ಲೆನ್ ದೂರು ಕೊಟ್ಟಿತು, ಮರುಪಂದ್ಯ ಆಗಬೇಕೆಂಬ ತೀರ್ಪೂ ಬಂತು. ಕ್ರೋಕ್ಸ್ ಮೇಲ್ಮನವಿ ಹಾಕಿತು. ಕೊನೆಗೆ ಗ್ಲೆನ್ ತಾನೇ ಹಿಂದೆ ಸರಿಯಿತು, ಕಪ್ ಇಲ್ಲೇ ಉಳಿಯಿತು. ಮರುವರ್ಷ ಸೆಮಿಫೈನಲ್‌ನಲ್ಲಿ ಇವರನ್ನೇ ಸೋಲಿಸಿ ಗ್ಲೆನ್ ಚಾಂಪಿಯನ್ ಆಯಿತು. ಗ್ಲೆನ್ ಬಗ್ಗೆ ನನಗೆ ತುಂಬಾ ಗೌರವ. ಇಲ್ಲಿನವರ ಮುಂದೆ ಈ ವಿಷಯ ಎತ್ತುವಾಗ ಸ್ವಲ್ಪ ನೋಡಿಕೊಂಡು ಮಾತಾಡಿ, ನೋವು ಎರಡೂ ಕಡೆ ಇದೆ.

ಆಟಗಾರರಿಗೆ ಸಂಬಳವಿಲ್ಲ. ಭಾನುವಾರ ಕ್ರೋಕ್ ಪಾರ್ಕ್‌ನಲ್ಲಿ ಆಡಿದವರು ಸೋಮವಾರ ಎಲ್ಲರಂತೆ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳಿಗೆ ಕಲಿಸುವವರೂ ಬಹುಪಾಲು ಅಪ್ಪ ಅಮ್ಮಂದಿರೇ. ನನಗೆ ಈ ಕ್ಲಬ್ ಮೇಲೆ ಇಷ್ಟು ಅಭಿಮಾನ ಬರಲು ಇದೇ ಕಾರಣ.

ಮಗುವನ್ನು ಸೇರಿಸುವಾಗ ಬೂಟು ಮತ್ತು ಮೌತ್‌ಗಾರ್ಡ್ ತಗೊಳ್ಳಿ. ಮೌತ್‌ಗಾರ್ಡ್ ಕಡ್ಡಾಯ. ಗೋಲಿಗೆ ಮೂರು ಪಾಯಿಂಟ್, ಗೋಲ್ ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹೋದರೆ ಸಾಮಾನ್ಯವಾಗಿ ಒಂದು, ಇಷ್ಟು ಗೊತ್ತಿದ್ದರೆ ಶುರುವಿಗೆ ಸಾಕು. ಮಗುವನ್ನು ಬಿಟ್ಟು ಸುಮ್ನೆ ಕಾರಲ್ಲಿ ಕೂರಬೇಡಿ. ಮೈದಾನದ ಅಂಚಿಗೆ ಹೋಗಿ, ಕೋನ್ ಜೋಡಿಸಲು ಕೈ ಹಾಕಿ.